ಬಸಣ್ಣನಿಗೆ ಉಳಿದಿದ್ದ ನಾಲ್ಕು ಎಸೆತ

ಸ್ವಲ್ಪ ತಡೆಯಿರಿ. ಪುಟ ಮಗುಚುವ ಮೊದಲು ಇದೊಂದನ್ನು ಕೇಳಿಬಿಡಿ. ಹೆದರಿಸುವ ಸಂಗತಿಯಲ್ಲ. ಇದರಲ್ಲಿ ದೆವ್ವ ಇಲ್ಲ, ಸ್ಮಶಾನ ಇಲ್ಲ, ಅಮಾವಾಸ್ಯೆ ಕೂಡ ಇಲ್ಲ. ನಡೆದದ್ದು ಮಟಮಟ ಮಧ್ಯಾಹ್ನ, ಬೇವಿನ ಮರದ ಕೆಳಗೆ, ಇಪ್ಪತ್ತು ಮೂವತ್ತು ಜನರ ಕಣ್ಣೆದುರು. ಕತ್ತಲಲ್ಲಿ ನಾನೊಬ್ಬನೇ ಕಂಡಿದ್ದರೆ ಕಣ್ಣಿನ ದೋಷ ಎಂದು ಸುಮ್ಮನಾಗಬಹುದಿತ್ತು. ಹಾಗೆ ಸುಮ್ಮನಾಗಲು ದಾರಿಯೇ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇಂಥವನ್ನು ನಂಬುವವನಲ್ಲ. ಹದಿನೆಂಟರ ವಯಸ್ಸಿನಲ್ಲಂತೂ ಸುತರಾಂ ನಂಬುತ್ತಿರಲಿಲ್ಲ. ಹಲ್ಲಿ ನುಡಿಯಿತು, ಕೆಲಸ ಕೆಟ್ಟಿತು ಎಂದು ಯಾರಾದರೂ ಹೇಳಿದರೆ, ಹಲ್ಲಿ ನುಡಿದೂ ಕೆಲಸ ಕೆಡದೇ ಇದ್ದದ್ದನ್ನು ಎಣಿಸಿದ್ದೀರಾ ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಎಣಿಸಿದರೆ ಎಲ್ಲವೂ ತಿಳಿಯುತ್ತದೆ ಎಂಬುದು ಆಗಿನ ನನ್ನ ಧರ್ಮ.

ನಮ್ಮದು ಮಸ್ಕಿಯಲ್ಲಿ ಎಣ್ಣೆ ಗಾಣ. ಗಾಣದ ಎತ್ತು ಸುತ್ತುವಾಗ ಅದರ ಹಿಂದಿನ ಹಲಗೆಯ ಮೇಲೆ ಭಾರಕ್ಕೆ ಒಬ್ಬರು ಕೂತಿರಬೇಕು. ಆ ಭಾರ ನಾನು. ಉರ್ದು ಇಸ್ಕೂಲಿನಲ್ಲಿ ನಾಲ್ಕನೆಯ ಜಮಾತಿನವರೆಗೆ ಓದಿ, ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಆ ಹಲಗೆಯ ಮೇಲೆ ಸುಮ್ಮನೆ ಕೂತು ತಿರುಗಬೇಕು. ಸಿಂಧನೂರಿನ ಸಂತೆಯಲ್ಲಿ ಹಳೇ ಕಾಗದದ ರಾಶಿಯಲ್ಲಿ ಸಿಕ್ಕ, ಮುಂದಿನ ಹಿಂದಿನ ಹಾಳೆ ಹರಿದ ಒಂದು ಲೆಕ್ಕದ ಪುಸ್ತಕ ನನ್ನ ಗುರು. ಅದು ಮುಗಿದ ಮೇಲೆ ನಾಣ್ಯ ಹಿಡಿದೆ. ಪ್ರತಿ ಸುತ್ತಿಗೆ ಒಂದು ಎಸೆತ. ಎತ್ತು ಗೋಡೆಯ ಹತ್ತಿರ ಬಂದಾಗ ಇದ್ದಿಲಿನಿಂದ ಒಂದು ಗೀಟು. ನಮ್ಮ ನಿಜಾಮರ ಹಾಲಿ ಸಿಕ್ಕಾ ನಾಣ್ಯಕ್ಕೆ ಇಂಗ್ರೇಜಿಯವರ ಕಲ್ದಾರ್ ರೂಪಾಯಿಯ ಹಾಗೆ ರಾಜನ ತಲೆ ಇಲ್ಲವಷ್ಟೆ. ಒಂದು ಕಡೆ ಚಾರ್‌ಮಿನಾರ್, ಇನ್ನೊಂದು ಕಡೆ ಪಾರ್ಸಿ ಬರಹ. ಚಾರ್‌ಮಿನಾರ್ ಬಿದ್ದರೆ ನಿಂತ ಗೀಟು, ಬರಹ ಬಿದ್ದರೆ ಅಡ್ಡ ಗೀಟು. ಗೋಡೆ ತುಂಬಿತು. ಅವ್ವ ಸುಣ್ಣ ಬಳಿದಳು. ಮತ್ತೆ ತುಂಬಿಸಿದೆ.

ಯಾರೂ ಹೇಳಿಕೊಡದೆ ಗೊತ್ತಾದದ್ದು ಇಷ್ಟು. ಎರಡು ಸಲ ಎಸೆದರೆ ಅದು ಬೀಳುವ ರೀತಿ ನಾಲ್ಕು. ಮೂರು ಸಲಕ್ಕೆ ಎಂಟು, ನಾಲ್ಕು ಸಲಕ್ಕೆ ಹದಿನಾರು. ಹಿಂದೆ ಏನು ಬಿದ್ದಿತ್ತು ಎಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ. ಐದು ಸಲ ಚಾರ್‌ಮಿನಾರ್ ಬಿದ್ದಮೇಲೂ ಆರನೆಯದು ಅರ್ಧಕ್ಕರ್ಧವೇ.

ಈ ವಿದ್ಯೆಯಿಂದ ಒಮ್ಮೆ ಹೆಸರೂ ಬಂತು. ಲಿಂಗಸುಗೂರಿನ ಸಂತೆಯಲ್ಲಿ ಒಬ್ಬ ಚಾದರ ಹಾಸಿಕೊಂಡು ಮೂರು ನಾಣ್ಯ ಚಿಮ್ಮುತ್ತಿದ್ದ. ಮೂರೂ ಒಂದೇ ಬಿದ್ದರೆ ನಿನ್ನ ಒಂದಾಣೆಯ ಮೇಲೆ ನಾನು ಎರಡಾಣೆ ಕೊಡುತ್ತೇನೆ, ಇಲ್ಲದಿದ್ದರೆ ನಿನ್ನ ಒಂದಾಣೆ ನನ್ನದು. ಒಂದಕ್ಕೆ ಎರಡು ಎಂದು ಜನ ಮುಗಿಬಿದ್ದಿದ್ದರು. ನಾನು ಮಣ್ಣಿನಲ್ಲಿ ಎಂಟು ಸಾಲು ಬರೆದು ತೋರಿಸಿದೆ. ಮೂರೂ ಒಂದೇ ಆಗುವುದು ಎಂಟರಲ್ಲಿ ಎರಡು, ಅಂದರೆ ನಾಲ್ಕಾಟಕ್ಕೆ ಒಂದು. ಮೂರಾಣೆ ಕಳೆದುಕೊಂಡು ಎರಡಾಣೆ ಪಡೆಯುತ್ತೀರಿ, ನಾಲ್ಕಾಟಕ್ಕೆ ಒಂದಾಣೆ ಅವನ ಜೇಬಿಗೆ ಎಂದೆ. ಆಸಾಮಿ ಚಾದರ ಮಡಚಿಕೊಂಡು ಹೋದ. ನಮ್ಮ ಅಕ್ಕ ಈ ಸುದ್ದಿಯನ್ನು ತನ್ನ ಗಂಡನ ಊರಾದ ಪಾಮನಕಲ್ಲೂರಿನಲ್ಲೆಲ್ಲ ಹೇಳಿಕೊಂಡು ಬಂದಳು. ಅಲ್ಲಿಂದಲೇ ನನಗೆ ಕರೆ ಬಂದದ್ದು.

ಆ ಊರಿನಲ್ಲಿ ಬಸಣ್ಣ, ಯಮನಪ್ಪ ಎಂದು ಇಬ್ಬರು ಗೆಳೆಯರು. ಇಬ್ಬರಿಗೂ ಒಂದೊಂದೇ ಎತ್ತು. ಒಂದೇ ಎತ್ತಿನಿಂದ ಕೂರಿಗೆ ನಡೆಯುವುದಿಲ್ಲ, ಬಿತ್ತನೆಗೆ ಜೋಡಿ ಬೇಕು. ಹಾಗಾಗಿ ಹನ್ನೊಂದು ವರ್ಷದಿಂದ ಇಬ್ಬರೂ ಎತ್ತು ಕೂಡಿಸಿ, ಒಬ್ಬರ ಹೊಲ ಮುಗಿಸಿ ಇನ್ನೊಬ್ಬರ ಹೊಲ ಬಿತ್ತುತ್ತಿದ್ದರು. ಒಂದೊಂದು ಹೊಲಕ್ಕೆ ಐದೈದು ದಿನ. ಹಿಂಗಾರಿ ಬಿಳಿಜೋಳ ನಿಂತಿರುವುದು ಎರೆಭೂಮಿಯ ಹಸಿಯ ಮೇಲೆ. ಮಳೆ ನಿಂತು ಹದ ಬಂದ ಮೊದಲ ಐದು ದಿನದಲ್ಲಿ ಬಿತ್ತಿದವನ ಜೋಳ ಆಳೆತ್ತರ. ಅದರ ಮುಂದಿನ ಐದು ದಿನದಲ್ಲಿ ಬಿತ್ತಿದವನದು ಅದರ ಅರ್ಧವೂ ಅಲ್ಲ.

ಮೊದಲು ಯಾರ ಹೊಲ ಎಂಬುದಕ್ಕೆ ಅವರಿಬ್ಬರೂ ಮಾಡಿಕೊಂಡಿದ್ದ ರಿವಾಜು ನಾಣ್ಯದ ಆಟ. ಒಂದು ಬೆಳ್ಳಿಯ ಎಂಟಾಣೆ. ಚಾರ್‌ಮಿನಾರ್ ಯಮನಪ್ಪನದು, ಬರಹ ಬಸಣ್ಣನದು. ಯಾರದು ಮೊದಲು ಐದು ಸಲ ಬೀಳುತ್ತದೋ ಅವರ ಹೊಲ ಮೊದಲು. ಸೋತವನು ಮಾತಿಲ್ಲದೆ ಗೆದ್ದವನ ಹೊಲಕ್ಕೆ ಎತ್ತು ಹೊಡೆದುಕೊಂಡು ಹೋಗಬೇಕು.

ಆ ವರ್ಷ ಹಸ್ತ ಮಳೆ ಚೆನ್ನಾಗಿ ಹುಯ್ದು ಸೋಮವಾರ ನಿಂತಿತು. ಅಂದೇ ಊರ ನಡುವಿನ ಕಟ್ಟೆಯ ಮೇಲೆ ಆಟ ಶುರುವಾಯಿತು. ನಾಲ್ಕು ಚಾರ್‌ಮಿನಾರ್, ಒಂದು ಬರಹ. ಯಮನಪ್ಪನಿಗೆ ಇನ್ನೊಂದೇ ಬಾಕಿ. ಆಗ ಬಸಣ್ಣ ಎದೆ ಒತ್ತಿಕೊಂಡು, ಯಾಕೋ ಸರಿ ಇಲ್ಲ ಎಂದು ಮನೆಗೆ ಹೋದವನು ಹೊತ್ತು ಮುಳುಗುವುದರೊಳಗೆ ತೀರಿಹೋದ. ಮನೆಯಲ್ಲಿ ಹೆಂಡತಿ ನಾಗವ್ವ, ಮೂರು ಸಣ್ಣ ಮಕ್ಕಳು.

ಅರ್ಧಕ್ಕೆ ನಿಂತ ಆಟದ ಲೆಕ್ಕ ಬಿಡಿಸಲು ಬಾ ಎಂದು ಅಕ್ಕ ಹೇಳಿಕಳಿಸಿ, ನಾನು ಹೋದದ್ದು ಬುಧವಾರ. ಗುರುವಾರ ಬೆಳಿಗ್ಗೆ ಹೊಲಕ್ಕೆ ಕೂರಿಗೆ ಇಳಿಯಲೇಬೇಕು, ಹದ ಯಾರಿಗೂ ಕಾಯುವುದಿಲ್ಲ. ಅಕ್ಕ ನನಗೆ ರೊಟ್ಟಿ ಬಡಿಯುತ್ತಲೇ ಹೇಳಿದಳು.

"ನಾಗವ್ವ ನನ್ನ ಜೀವದ ಗೆಳತಿ. ಏನರ ಮಾಡಿ ಅಕಿ ಹೊಲ ಮೊದಲ ಬಿತ್ತಂಗ ಆಗಬೇಕು ನೋಡು. ಸಂತ್ಯಾಗ ಆ ಚಾದರದಾವನ ಬಾಯಿ ಮುಚ್ಚಿಸಿ ಬಂದಿಯಲ್ಲ, ಇಲ್ಲೀನೂ ನಿನ್ನ ಶ್ಯಾಣ್ಯಾತನ ಜರಾ ತೋರ್ಸು."

"ಯಾರು ಗೆಳತಿ, ಯಾರು ಅಲ್ಲ ಅಂತ ಲೆಕ್ಕ ಕೇಳಂಗಿಲ್ಲಕ್ಕಾ," ಎಂದೆ. ಆ ಮಾತು ಹೇಳಿದಾಗ ನನಗೆ ಎಷ್ಟು ಖುಷಿಯಾಗಿತ್ತು ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಕಟ್ಟೆಯ ಮೇಲೆ ಜನ ಸೇರಿದರು. ನಡುವೆ ಊರಿನ ಮುಖ್ಯಸ್ಥರಾದ ಮಾಲಿಗೌಡರು. ಎದುರಿಗೇ ಬಸಣ್ಣನ ಮನೆ. ಬಾಗಿಲ ಒಳಗೆ ನಾಗವ್ವ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ನಮ್ಮಕ್ಕ ಮತ್ತು ನಾಲ್ಕೈದು ಹೆಂಗಸರು. ಯಮನಪ್ಪ ಕಟ್ಟೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನು ಕೆಟ್ಟವನಲ್ಲ, ಇದನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೂರು ದಿನದಿಂದ ಗಡ್ಡ ತೆಗೆದಿರಲಿಲ್ಲ, ಕಣ್ಣು ಕೆಂಪಾಗಿದ್ದವು.

"ಗೌಡ್ರ, ನಾ ಏನು ಕಲ್ಲೇನ್ರಿ," ಎಂದ. "ಬಸ್ಯಾಗ ಹೆಗಲು ಕೊಟ್ಟಾಂವ ನಾ. ಆದ್ರ ಹೋದ ವರ್ಷ ಅಂವ ಗೆದ್ದ, ಅಂವ ಮೊದಲ ಬಿತ್ತಿದ, ನಾ ಕಮಕ್ ಕಿಮಕ್ ಅಂದಿಲ್ಲ. ನನ್ನ ಜೋಳ ನೀವೂ ನೋಡೀರಿ, ಕೋಳಿ ಅಡಗಾಕ ಸೈತ ಎತ್ತರ ಆಗಲಿಲ್ಲ. ಈ ವರ್ಷ ನಾಕು ನಂದು ಬಿದ್ದಾವ. ನನ್ನ ಮನ್ಯಾಗೂ ಆರು ಬಾಯಿ ಅದಾವ್ರಿ."

ಮುದುಕನೊಬ್ಬ ಬೀಡಿ ಕೆಡಿಸಿ ಹೇಳಿದ. "ಸತ್ತಾಂವನ ಕೂಡ ಎಂಥಾ ಆಟಲೇ. ಹೊಸದಾಗಿ ಒಂದು ಸಲ ಒಗೀರಿ. ಬಿದ್ದದ್ದು ಬೀಳಲಿ."

"ಹಂಗಾರ ನನ್ನ ನಾಕು ಎಲ್ಲಿ ಹೋದುವು ಮುತ್ಯಾ? ನೀ ಸೇದಿಬಿಟ್ಟಿಯೇನು?"

ಜನ ಸಣ್ಣಗೆ ನಕ್ಕರು. ಗೌಡರು ಮೀಸೆ ತಿಕ್ಕಿಕೊಂಡು ಫೈಸಲಾ ಹೇಳಿದರು. "ನಾಕಕ್ಕ ಒಂದು. ಕೂಡಿ ಐದು. ಮೊದಲ ಹದ ಇರೂದೂ ಐದು ದಿನ. ನಾಕು ದಿನ ಯಮನಪ್ಪಂದು, ಒಂದು ದಿನ ನಾಗವ್ವಂದು. ನಾಳಿ ಒಂದಿನ ಅಕಿ ಹೊಲ ಬಿತ್ತು, ನಾಡದ್ದರಿಂದ ನಿಂದು. ಉಳಿದದ್ದು ಆಮ್ಯಾಲ."

ಯಮನಪ್ಪ ತಲೆ ಕೆರೆದುಕೊಂಡ. ಒಪ್ಪುವ ಹಾಗೇ ಇದ್ದ. ಬಾಗಿಲಲ್ಲಿ ಅಕ್ಕ ನಾಗವ್ವನ ಭುಜ ಮುಟ್ಟಿ ಏನೋ ಪಿಸುಗುಟ್ಟಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ತಪ್ಪು ಲೆಕ್ಕ ಕಿವಿಗೆ ಬಿದ್ದರೆ ನನಗೆ ಹಲ್ಲಿನ ನಡುವೆ ಕಲ್ಲು ಸಿಕ್ಕ ಹಾಗೆ. ಎದ್ದು ನಿಂತೆ.

"ಗೌಡ್ರ, ಆ ಹಿಸಾಬು ತಪ್ಪೈತ್ರಿ. ಬಿದ್ದದ್ದು ಎಣಿಸಿ ಪಾಲು ಮಾಡಬಾರದು. ಬೀಳೂದು ಏನು ಉಳದೈತಿ, ಅದನ್ನ ಎಣಿಸಬೇಕು."

ಕಟ್ಟೆಯ ಕೆಳಗೆ ಮಣ್ಣಿನಲ್ಲಿ ಹದಿನಾರು ಸಾಲು ಬರೆದೆ. ಬಸಣ್ಣ ಗೆಲ್ಲಬೇಕಾದರೆ ನಾಲ್ಕು ಬರಹ ಒಂದರ ಮೇಲೊಂದು ಬೀಳಬೇಕು. ನಡುವೆ ಒಂದೇ ಒಂದು ಚಾರ್‌ಮಿನಾರ್ ಬಿದ್ದರೂ ಆಟ ಮುಗಿಯಿತು. ನಾಲ್ಕು ಎಸೆತ ಬೀಳುವ ರೀತಿ ಹದಿನಾರು. ಅದರಲ್ಲಿ ಬಸಣ್ಣನಿಗೆ ಬೇಕಾದದ್ದು ಒಂದು, ಯಮನಪ್ಪನದು ಹದಿನೈದು. ಐದು ದಿನವನ್ನು ಹದಿನಾರು ಪಾಲು ಮಾಡಿದರೆ ನಾಗವ್ವನಿಗೆ ಬರುವುದು ಹೆಚ್ಚು ಕಡಿಮೆ ಒಂದು ಜಾವ. ಇಡೀ ದಿನ ಕೊಟ್ಟರೆ ಯಮನಪ್ಪನಿಗೆ ಅನ್ಯಾಯ. ಒಂದೊಂದೇ ಸಾಲು ಕಡ್ಡಿಯಿಂದ ಮುಟ್ಟಿ ಮುಟ್ಟಿ ಹೇಳಿದೆ. ಎಲ್ಲರಿಗೂ ತಿಳಿಯಿತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

"ಗಾಣದ ಹುಡುಗ ಹೇಳೂದು ಖರೇ ಐತಿ," ಎಂದರು ಗೌಡರು. ಯಮನಪ್ಪನ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. ಬಾಗಿಲಿನಿಂದ ಅಕ್ಕನ ದನಿ ಬಂತು. ಜೋರಾಗಿ ಅಲ್ಲ, ನನಗೆ ಕೇಳುವಷ್ಟು.

"ಭಾಳ ಶ್ಯಾಣ್ಯಾ ಅದಿ ತಮ್ಮಾ. ಅಕಿಗೆ ಒಂದಿನ ಸಿಕ್ಕಿತ್ತು. ಅದನ್ನೂ ಕಸಗೊಂಡಿ."

ಆಗ ನನಗೆ ನಾನು ಮಾಡಿದ್ದೇನು ಎಂದು ಹೊಳೆಯಿತು. ಕೈಯಲ್ಲಿದ್ದ ಕಡ್ಡಿ ಎಲ್ಲಿಡಬೇಕು ಎಂದೂ ತಿಳಿಯದೆ ನಿಂತೆ. ಮೂರು ದಿನದಿಂದ ಬಾಯಿ ಬಿಟ್ಟಿರದ ನಾಗವ್ವ ಅಲ್ಲಿಂದಲೇ ಕೇಳಿದಳು.

"ಹದಿನಾರರಾಗ ಒಂದು ಅಂದ್ರ ಎಷ್ಟು ಸಣ್ಣದು ಇರತೈತಪ್ಪಾ? ಗೀಟು ನೋಡಿದ್ರ ನಂಗ ತಿಳೀವಲ್ದು. ಒಗೆದು ತೋರ್ಸು. ಆಗಂಗಿಲ್ಲ ಅಂತ ಕಣ್ಣಿಲೆ ಕಂಡ್ರ ನಾ ಸುಮ್ನ ಆಗ್ತೀನಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಎಂಟಾಣೆ ಗೌಡರ ಹತ್ತಿರ ಇತ್ತು. ಕೊಟ್ಟರು. ಎರಡೂ ಮಗ್ಗುಲು ನೋಡಿದೆ, ಅಂಚು ಮುಟ್ಟಿದೆ, ಬೆರಳ ತುದಿಯ ಮೇಲೆ ತೂಗಿದೆ. ಸವೆದ ಒಳ್ಳೆಯ ನಾಣ್ಯ. ಕಟ್ಟೆಯ ಮೇಲೆ ಯಾರದೋ ಕಂಬಳಿ ಹಾಸಿದ್ದರು. ಅದರ ಮೇಲೆ ಎತ್ತರಕ್ಕೆ ಚಿಮ್ಮಿದೆ.

ಬರಹ. ಇನ್ನೊಮ್ಮೆ. ಬರಹ. ಮೂರನೆಯದೂ ಬರಹ. ನಾಲ್ಕನೆಯದು ಅಂಚಿನ ಮೇಲೆ ಸ್ವಲ್ಪ ಉರುಳಿ ಮಲಗಿತು. ಬರಹ.

ನಾನು ನಕ್ಕೆ. ಹದಿನಾರರಲ್ಲಿ ಒಂದು ಎಂದರೆ ಆಗುವುದೇ ಇಲ್ಲ ಎಂದಲ್ಲ, ಹದಿನಾರು ಸಲಕ್ಕೆ ಒಮ್ಮೆ ಆಗುತ್ತದೆ ಎಂದು, ಆ ಒಮ್ಮೆ ಈಗ ಆಯಿತು, ಇನ್ನೊಮ್ಮೆ ನೋಡಿ ಎಂದೆ. ಮತ್ತೆ ಚಿಮ್ಮಿದೆ. ಬರಹ. ಬರಹ. ಬರಹ. ನಾಲ್ಕನೆಯದನ್ನು ಎಸೆಯುವಾಗ ನನ್ನ ಹೆಬ್ಬೆರಳು ಬೆವೆತು ಜಾರಿತು, ನಾಣ್ಯ ಪೂರ್ತಿ ತಿರುಗದೆ ಹತ್ತಿರದಲ್ಲೇ ಬಿತ್ತು. ಅದೂ ಬರಹ.

ಇನ್ನೂರೈವತ್ತಾರರಲ್ಲಿ ಒಂದು. ಲೆಕ್ಕ ತಲೆಯಲ್ಲಿ ತಾನೇ ಆಯಿತು. ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಅಕ್ಕನ ಮಾತು ಚುಚ್ಚಿತ್ತು, ನಿಜ. ಆದರೂ ಎಸೆಯುವಾಗ ಒಳಗೊಳಗೆ ನಾನು ಬೇಡಿಕೊಂಡದ್ದು ಚಾರ್‌ಮಿನಾರ್ ಬೀಳಲಿ ಎಂದೇ, ನನ್ನ ಲೆಕ್ಕ ಸರಿಯೆಂದು ಎಲ್ಲರೂ ಕಾಣಲಿ ಎಂದೇ. ಕೈ ಏನಾದರೂ ಮಾಟ ಮಾಡುವುದಿದ್ದರೆ ಆ ಕಡೆಗೆ ಮಾಡಬೇಕಿತ್ತು.

ಗೌಡರು ನನ್ನ ಅಂಗೈ ತಿರುಗಿಸಿ ನೋಡಿದರು. "ಎಣ್ಣಿ ಕೈ ಅಲ್ಲೇನಲೇ ಇದು. ಏನರ ಅಂಟಿಸಿಯೇನು?"

"ಇಲ್ರಿ. ಬೇಕಾರ ಬ್ಯಾರೆಯವರು ಒಗೀಲಿ."

"ಒಗೀತಾರ. ಆದ್ರ ಇನ್ನ ತೋರ್ಸಾಟ ಸಾಕು. ಆಟನ ಮುಗಿಸಿಬಿಡೂಣು." ಗೌಡರು ನಾಣ್ಯವನ್ನು ಯಮನಪ್ಪನ ಕೈಗೆ ಕೊಟ್ಟರು. "ನೀ ಒಗಿ. ಬಾಕಿ ಉಳಿದದ್ದು ಇವ ನಾಕು. ಒಂದು ಚಾರ್‌ಮಿನಾರ್ ಬಿದ್ರ ನಾಳಿ ನಿನ್ನ ಹೊಲ. ನಾಕೂ ಬರಹ ಬಿದ್ರ ಅಕೀದು. ಮಂಜೂರೇನು?"

ಯಮನಪ್ಪ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ, ಇದಕ್ಕಿಂತ ನ್ಯಾಯವಾದ ದಾರಿ ಇರಲಿಲ್ಲ. ಹಿಂದಿನ ಎಂಟು ಎಸೆತ ನಾಣ್ಯಕ್ಕೆ ನೆನಪಿರುವುದಿಲ್ಲ, ನಿನ್ನ ಪಾಲು ಈಗಲೂ ಹದಿನೈದೇ ಎಂದೆ. ಅವನು ಎದ್ದು ನಿಂತ. ಅವನ ಚಿಮ್ಮುವ ರೀತಿಯೇ ಬೇರೆ. ಹೆಬ್ಬೆರಳಿನಿಂದಲ್ಲ, ಅಂಗೈಯಿಂದ ಮೇಲಕ್ಕೆ ತೂರುತ್ತಿದ್ದ. ಬೇವಿನ ಕೊಂಬೆ ಮುಟ್ಟುವಷ್ಟು ಎತ್ತರ ಹೋಗಿ ಕಂಬಳಿಗೆ ಬೀಳುತ್ತಿತ್ತು.

ಮೊದಲನೆಯದು ಬರಹ. ಎರಡನೆಯದು ಬರಹ. ಮೂರನೆಯದು ಬಿದ್ದಾಗ ಹತ್ತಿರ ಕೂತವರು ಬಗ್ಗಿ ನೋಡಿ ಹಾಗೇ ಹಿಂದೆ ಸರಿದರು. ಬರಹ.

ನಾಲ್ಕನೆಯದನ್ನು ತೂರಿದ. ಅದು ಕೊಂಬೆಯ ತನಕ ಹೋಗಿ ಇಳಿಯುತ್ತಿದ್ದಾಗ ಯಮನಪ್ಪ ಕೈ ಚಾಚಿ ನಡುದಾರಿಯಲ್ಲೇ ಹಿಡಿದುಕೊಂಡ. ಮುಷ್ಟಿಯನ್ನು ಎದೆಯ ಹತ್ತಿರ ತಂದು, ತನಗಷ್ಟೇ ಕಾಣುವ ಹಾಗೆ ಒಂದಿಷ್ಟು ತೆರೆದು ನೋಡಿದ. ಮತ್ತೆ ಮುಚ್ಚಿದ. ಆಮೇಲೆ ನಾಗವ್ವನ ಬಾಗಿಲ ಕಡೆ ತಿರುಗಿದ.

"ತಂಗೀ, ನಾಳಿ ಹೊತ್ತು ಹೊಂಡೂದರಾಗ ಬೀಜ ತಗದಿಡು. ನಿನ್ನ ಹೊಲಕ್ಕ ಹೋಗೂಣು."

"ಕೈ ಬಿಚ್ಚಲೇ ಯಮನ್ಯಾ," ಎಂದರು ಗೌಡರು. "ಏನ್ ಬಿದ್ದೈತಿ ತೋರ್ಸು."

"ಅದು ನಂಗೂ ಬಸ್ಯಾಗೂ ಇರಲಿ ಬಿಡ್ರಿ ಗೌಡ್ರ."

ಅಷ್ಟು ಹೇಳಿ ಕಟ್ಟೆ ಇಳಿದು ಹೋದ. ಯಾರೂ ತಡೆಯಲಿಲ್ಲ. ಮರುದಿನದಿಂದ ಐದು ದಿನ ನಾಗವ್ವನ ಹೊಲದಲ್ಲಿ ಕೂರಿಗೆ ನಡೆಯಿತು. ನಾಗವ್ವನೇ ಬೀಜ ಬಿಟ್ಟಳು, ಯಮನಪ್ಪ ಎತ್ತು ಹೊಡೆದ. ಅವನ ಹೊಲ ಬಿತ್ತುವ ಹೊತ್ತಿಗೆ ಮೇಲಿನ ಹಸಿ ಆರಿತ್ತು. ಆ ವರ್ಷವೂ ಅವನ ಜೋಳ ಸೊಂಟದ ಮೇಲೆ ಏರಲಿಲ್ಲ. ಅದರ ಬಗ್ಗೆ ಅವನು ಯಾರ ಹತ್ತಿರವೂ ಒಂದು ಮಾತು ಆಡಿದ್ದನ್ನು ಅಕ್ಕ ಕೇಳಿಲ್ಲ.

ಬಿತ್ತನೆ ಮುಗಿದ ಮೇಲೆ ನಾನು ನಾಚಿಕೆ ಬಿಟ್ಟು ಯಮನಪ್ಪನಲ್ಲಿಗೆ ಹೋಗಿ ಆ ಎಂಟಾಣೆಯನ್ನು ಎರಡು ವಾರಕ್ಕೆ ಕೇಳಿದೆ. ಕೊಟ್ಟ. ಗಾಣದ ಹಲಗೆಯ ಮೇಲೆ ಕೂತು ಎರಡು ಸಾವಿರ ಸಲ ಚಿಮ್ಮಿ ಗೋಡೆಯ ಮೇಲೆ ಗೀಟು ಹಾಕಿದೆ. ಚಾರ್‌ಮಿನಾರ್ ಸಾವಿರದ ಹದಿಮೂರು, ಬರಹ ಒಂಬೈನೂರ ಎಂಬತ್ತೇಳು. ನಾಣ್ಯ ನೆಟ್ಟಗಿದೆ. ಒಂದೇ ಸಮ ಎಂಟು ಬರಹ ಬಿದ್ದದ್ದು ಮೂರು ಸಲ ಸಿಕ್ಕಿತು, ಹನ್ನೊಂದು ಬಿದ್ದದ್ದು ಒಮ್ಮೆಯೂ ಇಲ್ಲ. ಹನ್ನೊಂದು ಸಾಲಾಗಿ ಬೀಳುವುದು ಎರಡು ಸಾವಿರದ ನಲವತ್ತೆಂಟರಲ್ಲಿ ಒಂದು. ಆಗಲಾರದ್ದೇನಲ್ಲ. ಯಾವತ್ತೋ ಎಲ್ಲಿಯೋ ಯಾರ ಕೈಯಲ್ಲೋ ಅದು ಆಗಲೇಬೇಕು. ಆದರೆ ಆ ಮಧ್ಯಾಹ್ನವೇ, ಆ ಕಟ್ಟೆಯ ಮೇಲೆಯೇ, ಇಬ್ಬರ ಕೈಯಲ್ಲಿ ಎರಡು ರೀತಿಯಲ್ಲಿ ಎಸೆದರೂ, ಆ ಹೆಂಗಸು ತೋರಿಸು ಎಂದು ಕೇಳಿದ ಮೇಲೆಯೇ ಯಾಕೆ ಆಗಬೇಕಿತ್ತು? ಇದಕ್ಕೆ ನನ್ನ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರ ಇದ್ದ ಹಾಳೆಗಳು ಹರಿದುಹೋಗಿವೆಯೋ ಏನೋ.

ನಾಣ್ಯ ಹಿಂದಕ್ಕೆ ಕೊಡಲು ಹೋದಾಗ ಯಮನಪ್ಪ ಎತ್ತಿನ ಮೈ ತೊಳೆಯುತ್ತಿದ್ದ. ಸುತ್ತ ಯಾರೂ ಇರಲಿಲ್ಲ. ಧೈರ್ಯ ಮಾಡಿ ಕೇಳಿದೆ.

"ಮಾಮಾ, ಆ ನಾಕನೇದು ಏನಿತ್ತು?"

ಅವನು ಎತ್ತಿನ ಬೆನ್ನಿಗೆ ನೀರು ಹೊಯ್ಯುತ್ತಲೇ ನಕ್ಕ. ಬಸಣ್ಣ ಸತ್ತ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಲೆಕ್ಕದಾಂವ ನೀನು. ಅರ್ಧಕ್ಕರ್ಧ ಅಂತ ನೀನೇ ಹೇಳ್ತಿ. ಯಾವ ಅರ್ಧ ಬೇಕೋ ಅದನ್ನ ತಗೋ."

ಈ ಮಾತಿಗೆ ಏಳು ವರ್ಷವಾಯಿತು. ಎರಡೂ ಅರ್ಧವನ್ನು ತಿರುವಿ ಮಗುಚಿ ನೋಡುತ್ತಲೇ ಇದ್ದೇನೆ. ಅದು ಬರಹವಾಗಿದ್ದರೆ ಹನ್ನೆರಡು ಸಾಲಾಗಿ ಬಿದ್ದಂತಾಯಿತು, ನಾಲ್ಕು ಸಾವಿರದ ತೊಂಬತ್ತಾರರಲ್ಲಿ ಒಂದು. ಹಾಗಿದ್ದರೆ ಅವನು ಅದನ್ನು ಮುಚ್ಚಿಡುವ ಕಾರಣವೇ ಇರಲಿಲ್ಲ, ತೋರಿಸಬಹುದಿತ್ತು. ಚಾರ್‌ಮಿನಾರ್ ಆಗಿದ್ದರೆ, ಆರು ಬಾಯಿಯ ಮನೆಯವನು ಕೈಯಲ್ಲಿ ಗೆದ್ದ ಹದವನ್ನು ಯಾರಿಗೂ ತಿಳಿಯದ ಹಾಗೆ ಮುಷ್ಟಿಯಲ್ಲಿ ಮುಚ್ಚಿ ಕೊಟ್ಟುಬಿಟ್ಟ. ಅಂಥದ್ದು ಎಷ್ಟರಲ್ಲಿ ಒಂದು ಎಂದು ನನಗೆ ಎಣಿಸಲು ಬರುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ವಿಚಿತ್ರ ಎಂದೂ ಹೇಳಲಾರೆ.

ಓದುವವರೇ, ನಿಮ್ಮ ಕಣ್ಣೆದುರೂ ಹೀಗೆ ಲೆಕ್ಕಕ್ಕೆ ಸಿಗದಂಥದ್ದು ಏನಾದರೂ ನಡೆದಿದ್ದರೆ ಬರೆದು ತಿಳಿಸಿ. ಬಣ್ಣ ಕಟ್ಟಬೇಡಿ. ಎಷ್ಟು ಸಲ ಎಸೆದಿರಿ, ಏನೇನು ಬಿತ್ತು, ಕೈ ಯಾರದಿತ್ತು, ಅಷ್ಟು ಸಾಕು. ನಾನು ಕೂತು ಓದುತ್ತೇನೆ.